ಕನ್ನಡಿಯಲ್ಲಿ ಕಾಣದ ಬೈಕ್ ಎಲ್ಲಿರ್ತದೆ? ಕಾರು ಓಡಿಸುವವರಿಗೆ ಗೊತ್ತಿರಬೇಕಾದ ಮಾಹಿತಿ

ಅಂಕಲಗಿ: ಕಾರಿನ ಒಳಗಿನ ಕನ್ನಡಿ ನೋಡಿದ್ದಾಯ್ತು, ಬಲಗಡೆ ಕನ್ನಡಿ ನೋಡಿದ್ದಾಯ್ತು, ಹಿಂದೆ ಯಾರೂ ಇಲ್ಲ. ಇಂಡಿಕೇಟರ್ ಹಾಕಿ ಸ್ಟೇರಿಂಗ್ ಬಲಕ್ಕೆ ಎಳೆದ ಕೂಡಲೇ ಬಾಗಿಲ ಪಕ್ಕದಿಂದಲೇ ಜೋರಾಗಿ ಹಾರ್ನ್ ಕೇಳಿಸ್ತದೆ. ನೋಡಿದರೆ ಒಂದು ಬೈಕ್. ಮೇಲೆ ಗಂಡ, ಹೆಂಡತಿ, ಟ್ಯಾಂಕ್ ಮೇಲೆ ಕೂಸು. ಡ್ರೈವರ್ ಎದೆ ಧಸಕ್ ಅಂತದೆ. "ಈಗ ನೋಡಿದಾಗ ಇರಲಿಲ್ಲಲ್ಲ, ಎಲ್ಲಿಂದ ಬಂತಿದು?"

ಎಲ್ಲಿಂದಲೂ ಬಂದಿದ್ದಲ್ಲ. ಕನ್ನಡಿ ನೋಡಿದಾಗಲೂ ಆ ಬೈಕ್ ಅಲ್ಲೇ ಇತ್ತು. ಒಳಗಿನ ಕನ್ನಡಿಯಿಂದ ದಾಟಿ, ಪಕ್ಕದ ಕನ್ನಡಿಗೂ ಸಿಗದೆ, ಡ್ರೈವರ್ ಕಣ್ಣಂಚಿಗೂ ಬೀಳದೆ ಇರುವ ಒಂದು ಜಾಗದಲ್ಲಿತ್ತು. ಇದಕ್ಕೇ ಬ್ಲೈಂಡ್ ಸ್ಪಾಟ್ ಅಂತಾರೆ, ಕನ್ನಡದಲ್ಲಿ ಹೇಳೋದಾದರೆ ಕುರುಡು ಜಾಗ. ಎಲ್ಲಾ ಕಾರಿನಲ್ಲೂ ಇದು ಎರಡೂ ಬದಿಗೆ ಇರ್ತದೆ, ಹೆಚ್ಚೂಕಡಿಮೆ ಹಿಂದಿನ ಬಾಗಿಲಿನಿಂದ ಹಿಂದಿನ ಗಾಲಿಯ ಆಚೆವರೆಗೆ, ಪಕ್ಕಕ್ಕೆ ಒಂದು ಲೇನ್‌ನಷ್ಟು. ಬೈಕ್ ಪೂರ್ತಿ ಅದರೊಳಗೆ ಅಡಗಿಬಿಡ್ತದೆ. ಕೆಲವೊಮ್ಮೆ ಸಣ್ಣ ಕಾರೂ ಅಡಗ್ತದೆ. ಸಮಾಧಾನದ ಮಾತಂದರೆ ಈ ಜಾಗವನ್ನು ಬಹಳಷ್ಟು ಸಣ್ಣದು ಮಾಡಬಹುದು. ಅದಕ್ಕೆ ಒಂದು ರೂಪಾಯಿ ಖರ್ಚಿಲ್ಲ, ಎರಡು ನಿಮಿಷ ಸಾಕು.

ಅಂಕಲಗಿ ಕಡೆಯವರಿಗೆ ದಿನಾ ಎರಡು ತರಹದ ರಸ್ತೆ ಸಿಗ್ತಾವೆ. ಒಂದು, ಗೋಕಾಕಕ್ಕೋ ಸುಳೇಭಾವಿ ಮೇಲೆ ಬೆಳಗಾವಿಗೋ ಹೋಗುವ ರಸ್ತೆ. ಇಲ್ಲಿ ಲೇನ್ ಬದಲಿಸೋದು ಅಂದರೆ ಎದುರಿನ ವಾಹನ ಬರುವ ಜಾಗಕ್ಕೇ ಹೋಗಿ ಓವರ್‌ಟೇಕ್ ಮಾಡೋದು. ಇನ್ನೊಂದು, ಹುಕ್ಕೇರಿ ತಾಲೂಕಿನೊಳಗೆ ಹಾಯ್ದು ಹೋಗುವ ರಾಷ್ಟ್ರೀಯ ಹೆದ್ದಾರಿ 48, ಅಂದರೆ ಹಳೆಯ ಎನ್‌ಎಚ್ 4. ಸಂಕೇಶ್ವರ, ಹತ್ತರಗಿ ಟೋಲ್, ಯಮಕನಮರಡಿ, ವಂಟಮೂರಿ ಘಾಟ್, ಹೊನಗಾ, ಕಾಕತಿ. ಪುಣೆ–ಬೆಂಗಳೂರು ಕಂಟೇನರ್ ಲಾರಿಗಳ ನಡುವೆಯೇ ಹಳ್ಳಿ ಬೈಕ್‌ಗಳೂ ಓಡ್ತಾವೆ. ಹೊನಗಾ ಕೈಗಾರಿಕಾ ಪ್ರದೇಶದಲ್ಲಿ ಶಿಫ್ಟ್ ಬಿಡುವ ಹೊತ್ತಿಗೆ ಈ ರಸ್ತೆ ನೋಡಿದವರಿಗೆ ಬೈಕ್‌ಗಳ ಸಂಖ್ಯೆ ಹೇಳಬೇಕಾಗಿಲ್ಲ. ಕಾರಿಗೆ ಕಾರು ಉಜ್ಜಿದರೆ ಗ್ಯಾರೇಜಿನ ಖರ್ಚು. ಕಾರಿನ ಮೂಲೆ ಬೈಕಿನ ಹ್ಯಾಂಡಲ್‌ಗೆ ತಾಗಿದರೆ ಹಿಂದೆ ಬರೋದು ಲಾರಿ.

ಎಲ್ಲರೂ ಮಾಡೋ ತಪ್ಪು

ನಿಂತಿರುವ ಯಾವುದೇ ಕಾರಿನ ಡ್ರೈವರ್ ಸೀಟಿನಲ್ಲಿ ಕೂತು ಪಕ್ಕದ ಕನ್ನಡಿ ನೋಡಿದರೆ ಗೊತ್ತಾಗ್ತದೆ. ಹತ್ತರಲ್ಲಿ ಎಂಟು ಕಾರಿನಲ್ಲಿ ಕನ್ನಡಿಯ ಕಾಲು ಭಾಗ, ಕೆಲವೊಮ್ಮೆ ಮೂರನೇ ಒಂದು ಭಾಗ, ತನ್ನದೇ ಕಾರಿನ ಬಾಗಿಲು, ಹಿಡಿಕೆ, ಹಿಂದಿನ ಗಾಲಿಯನ್ನೇ ತೋರಿಸ್ತಿರ್ತದೆ. ಡ್ರೈವಿಂಗ್ ಕಲಿಸುವಾಗಲೂ "ಗಾಡಿ ಸ್ವಲ್ಪ ಕಾಣಂಗ ಇಟ್ಕೋ" ಅಂತಲೇ ಕಲಿಸ್ತಾರೆ. ಕಾರಿನ ಬದಿ ಕಂಡರೆ ಮನಸ್ಸಿಗೆ ಒಂದು ಧೈರ್ಯ, ಅದು ನಿಜ. ಆದರೆ ಕಾರಿನ ಬಾಗಿಲು ಎಲ್ಲಿಗೂ ಓಡಿಹೋಗೋದಿಲ್ಲ. ಅದನ್ನು ನೋಡ್ತಾ ಕೂರುವ ಅಗತ್ಯವೂ ಇಲ್ಲ.

ಅಸಲಿ ತೊಂದರೆ ಬೇರೆ. ಹಾಗೆ ಒಳಗೆ ತಿರುಗಿಸಿದ ಪಕ್ಕದ ಕನ್ನಡಿ ತೋರಿಸೋದು ಕಾರಿನ ಹಿಂದಿನ ರಸ್ತೆಯನ್ನು. ಅದೇ ರಸ್ತೆಯನ್ನು ಒಳಗಿನ ಕನ್ನಡಿಯೂ ತೋರಿಸ್ತಿರ್ತದೆ. ಮೂರು ಕನ್ನಡಿ ಇದ್ದೂ ಮೂರರಲ್ಲೂ ಒಂದೇ ಸಿನಿಮಾ. ಪಕ್ಕದ ಲೇನ್ ಯಾವುದರಲ್ಲೂ ಇಲ್ಲ.

ಅಮೆರಿಕದ ಎಂಜಿನಿಯರ್ ಜಾರ್ಜ್ ಪ್ಲಾಟ್ಜರ್ 1995ರಲ್ಲಿ ಇದರ ಬಗ್ಗೆಯೇ ಒಂದು ಪ್ರಬಂಧ ಬರೆದರು. ಕಾರಿನ ಕನ್ನಡಿಗಳ ಕೋನ ಲೆಕ್ಕ ಹಾಕಿ, ಪಕ್ಕದ ಕನ್ನಡಿಗಳನ್ನು ಇನ್ನಷ್ಟು ಹೊರಕ್ಕೆ ತಿರುಗಿಸಿದರೆ ಕುರುಡು ಜಾಗ ಬಹುಪಾಲು ಹೋಗ್ತದೆ ಅಂತ ತೋರಿಸಿದರು. ಮೂವತ್ತು ವರ್ಷ ಕಳೆದರೂ ಹೆಚ್ಚಿನವರ ಕನ್ನಡಿ ಮಾತ್ರ ಬಾಗಿಲ ಹಿಡಿಕೆ ನೋಡ್ತಾನೇ ಅದೆ.

ಹೊಂದಿಸೋದು ಹೇಗೆ

ಮೊದಲು ಸೀಟು, ಆಮೇಲೆ ಕನ್ನಡಿ. ಸೀಟು ಹಿಂದೆಮುಂದೆ ಸರಿದರೆ ಕನ್ನಡಿ ಲೆಕ್ಕ ಎಲ್ಲ ತಪ್ಪುತ್ತದೆ. ಒಂದೇ ಕಾರನ್ನು ಮನೆಯಲ್ಲಿ ಅಪ್ಪ, ಅಣ್ಣ, ಅಳಿಯ ಎಲ್ಲರೂ ಓಡಿಸುವ ಕಡೆ ಇದನ್ನು ಪ್ರತಿ ಸಲ ಮಾಡಲೇಬೇಕು.

ಒಳಗಿನ ಕನ್ನಡಿಯಲ್ಲಿ ಹಿಂದಿನ ಗಾಜು ಪೂರ್ತಿ ಕಾಣಬೇಕು. ತನ್ನ ಮುಖ, ಹಿಂದಿನ ಸೀಟಿನ ಮಕ್ಕಳು ಕಾಣೋದು ಮುಖ್ಯ ಅಲ್ಲ. ಆ ಕನ್ನಡಿಗೆ ತೂಗುಹಾಕಿದ ಮಾಲೆ, ಗೊಂಬೆ, ಹಿಂದಿನ ಗಾಜಿನ ಹತ್ತಿರ ಪೇರಿಸಿಟ್ಟ ದಿಂಬು, ಚೀಲ, ಇವೆಲ್ಲ ಅಷ್ಟಷ್ಟು ರಸ್ತೆಯನ್ನು ತಿಂತಾವೆ.

ಬಲಗಡೆ ಕನ್ನಡಿಗೆ ಒಂದು ಉಪಾಯ ಅದೆ. ತಲೆಯನ್ನು ಬಲಕ್ಕೆ ವಾಲಿಸಿ ಕಿಟಕಿ ಗಾಜಿಗೆ ಹೆಚ್ಚುಕಡಿಮೆ ತಾಗಿಸಬೇಕು. ಆ ಸ್ಥಿತಿಯಲ್ಲಿ ಕನ್ನಡಿಯ ಒಳ ಅಂಚಿನಲ್ಲಿ ಕಾರಿನ ಬದಿ ಒಂದು ಗೆರೆಯಷ್ಟು ಮಾತ್ರ ಕಾಣುವಂತೆ ಕನ್ನಡಿಯನ್ನು ಹೊರಕ್ಕೆ ತಿರುಗಿಸಬೇಕು. ಆಮೇಲೆ ನೆಟ್ಟಗೆ ಕೂತರೆ ಕಾರಿನ ಬದಿ ಕಾಣೋದಿಲ್ಲ. ಕಾಣಬಾರದು. ಅಲ್ಲಿ ಈಗ ಪಕ್ಕದ ಲೇನ್ ಬಂದಿರ್ತದೆ.

ಎಡಗಡೆಗೂ ಅದೇ, ಆದರೆ ತಲೆಯನ್ನು ಕಾರಿನ ನಡುವಿಗೆ, ಹ್ಯಾಂಡ್ ಬ್ರೇಕ್ ಮೇಲೆ ಬರುವ ಹಾಗೆ, ಎಡಕ್ಕೆ ವಾಲಿಸಬೇಕು. ಅಲ್ಲಿಂದ ನೋಡಿದಾಗ ಕಾರಿನ ಎಡ ಬದಿ ಗೆರೆಯಷ್ಟು ಕಾಣಬೇಕು. ಎರಡೂ ಕನ್ನಡಿಯಲ್ಲಿ ದೂರದ ರಸ್ತೆ ಮತ್ತು ಆಕಾಶ ಕೂಡುವ ಗೆರೆ ಹೆಚ್ಚುಕಡಿಮೆ ನಡುವಿಗೆ ಬಂದರೆ ಮೇಲೆಕೆಳಗಿನ ಲೆಕ್ಕ ಸರಿ. ಅರ್ಧಕ್ಕಿಂತ ಹೆಚ್ಚು ಆಕಾಶವೇ ಕಂಡರೆ ಕೆಳಗೆ ಇಳಿಸಬೇಕು.

ಸರಿಯಾಗಿದೆಯೋ ಇಲ್ಲವೋ ಪರೀಕ್ಷೆ ಮಾಡೋದು ಸುಲಭ. ಹೆದ್ದಾರಿಯಲ್ಲಿ ಎಡ ಲೇನ್‌ನಲ್ಲಿ ನಿಧಾನಕ್ಕೆ ಹೋಗುವಾಗ ಬಲದಿಂದ ಒಂದು ಕಾರು ದಾಟಿ ಹೋಗೋದನ್ನು ಗಮನಿಸಬೇಕು. ಅದು ಮೊದಲು ಒಳಗಿನ ಕನ್ನಡಿಯಲ್ಲಿ ಕಾಣ್ತದೆ. ಅಲ್ಲಿಂದ ಜಾರುವ ಹೊತ್ತಿಗೆ ಬಲಗಡೆ ಕನ್ನಡಿಗೆ ಬರಬೇಕು. ಆ ಕನ್ನಡಿಯಿಂದ ಪೂರ್ತಿ ಹೋಗುವ ಮೊದಲೇ ಅದರ ಮೂತಿ ಬಲ ಕಿಟಕಿಯಲ್ಲಿ ಕಣ್ಣಂಚಿಗೆ ಬೀಳಬೇಕು. ಓಟದಲ್ಲಿ ಕೈಯಿಂದ ಕೈಗೆ ಕೋಲು ದಾಟಿಸ್ತಾರಲ್ಲ, ಹಾಗೆ. ನಡುವೆ ಎಲ್ಲಿಯಾದರೂ ಕಾರು ಮಾಯವಾದರೆ ಕನ್ನಡಿ ಇನ್ನೂ ಒಳಗೇ ಅದೆ ಅಂತ ಅರ್ಥ.

ಮೊದಲ ಎರಡು ಮೂರು ದಿನ ಇದು ವಿಚಿತ್ರ ಅನ್ನಿಸ್ತದೆ. ಕನ್ನಡಿಯಲ್ಲಿ ತನ್ನ ಗಾಡಿಯೇ ಇಲ್ಲದಿದ್ದಾಗ ದಿಕ್ಕು ತಪ್ಪಿದಂತೆ ಆಗ್ತದೆ. ವಾರದಲ್ಲಿ ರೂಢಿಯಾಗ್ತದೆ.

ಎಲ್ಲರಿಗೂ ಇದೇ ಲೆಕ್ಕ ಅಲ್ಲ

ಈ ವಿಧಾನ ನಿಂತಿರೋದು ಒಳಗಿನ ಕನ್ನಡಿಯ ಮೇಲೆ. ಹಿಂದಿನ ರಸ್ತೆ ಅದರಲ್ಲಿ ಕಾಣ್ತದೆ ಅನ್ನುವ ಭರವಸೆ ಇದ್ದರೆ ಮಾತ್ರ ಪಕ್ಕದವನ್ನು ಹೊರಕ್ಕೆ ತಿರುಗಿಸಬಹುದು. ಪಿಕಪ್, ಟಾಟಾ ಏಸ್‌ನಂಥ ಸರಕು ಗಾಡಿಯಲ್ಲಿ ಹಿಂದೆ ಮಾಲು ತುಂಬಿದರೆ ಒಳಗಿನ ಕನ್ನಡಿ ಇದ್ದೂ ಇಲ್ಲದಂತೆ. ಮದುವೆ ದಿಬ್ಬಣಕ್ಕೆ ಮಂದಿ, ಚೀಲ, ಗಂಟು ತುಂಬಿಕೊಂಡು ಹೊರಟ ಕ್ರೂಸರ್‌ಗೂ ಅದೇ ಗತಿ. ಇಂಥ ಗಾಡಿಗಳಲ್ಲಿ ಪಕ್ಕದ ಕನ್ನಡಿಯೇ ಹಿಂದಿನ ರಸ್ತೆಯನ್ನೂ ತೋರಿಸಬೇಕಾಗ್ತದೆ. ಆದ್ದರಿಂದ ಗಾಡಿಯ ಬದಿ ಸ್ವಲ್ಪ ಕಾಣುವಂತೆ ಇಟ್ಟುಕೊಳ್ಳೋದೇ ಸರಿ. ಕುರುಡು ಜಾಗಕ್ಕೆ ಕನ್ನಡಿಯ ಹೊರ ಮೂಲೆಯಲ್ಲಿ ಅಂಟಿಸುವ ಸಣ್ಣ ದುಂಡು ಕನ್ನಡಿ ಬಿಡಿಭಾಗದ ಅಂಗಡಿಗಳಲ್ಲಿ ಸಿಗ್ತಾವೆ. ಅದು ಶೋಕಿ ವಸ್ತು ಅಂತ ನಗುವವರಿದ್ದಾರೆ, ಆದರೆ ಸರಕು ಗಾಡಿಗೆ ಅದು ನಿಜಕ್ಕೂ ಉಪಯೋಗ.

ಊರೊಳಗಿನ ಸಣ್ಣ ಓಣಿ, ಸಂತೆ ದಿನದ ಗದ್ದಲ, ರಿವರ್ಸ್ ತೆಗೆಯೋದು, ಇಲ್ಲೆಲ್ಲ ಹಿಂದಿನ ಗಾಲಿ ಗಟಾರದ ಹತ್ತಿರ ಬಂತೋ ಇಲ್ಲವೋ ನೋಡಬೇಕಾಗ್ತದೆ. ಆಗ ತಲೆ ಸ್ವಲ್ಪ ವಾಲಿಸಿದರೆ ಕಾರಿನ ಬದಿ ಕಾಣ್ತದೆ, ಕನ್ನಡಿ ತಿರುಗಿಸಬೇಕಿಲ್ಲ. ಇನ್ನೊಂದು ಅಭ್ಯಾಸ ಈ ಭಾಗದಲ್ಲಿ ಬಹಳ: ಬಜಾರಿನಲ್ಲಿ ಯಾರಾದರೂ ತಾಗಿಸ್ತಾರೆ ಅಂತ ಎಡಗಡೆ ಕನ್ನಡಿ ಮಡಚಿಡೋದು, ಆಮೇಲೆ ಹಾಗೇ ಮಡಚಿಕೊಂಡು ಬೆಳಗಾವಿವರೆಗೆ ಹೋಗೋದು. ಹಳೆಯ ಮಾರುತಿ 800, ಒಮ್ನಿಯ ಕಡಿಮೆ ದರದ ಮಾಡೆಲ್‌ಗಳಲ್ಲಿ ಎಡಗಡೆ ಕನ್ನಡಿಯೇ ಬರ್ತಿರಲಿಲ್ಲ. ಆ ಕಾಲದಲ್ಲಿ ಕಲಿತವರು ಎಡಕ್ಕೆ ನೋಡುವ ರೂಢಿಯನ್ನೇ ಮಾಡಿಕೊಳ್ಳಲಿಲ್ಲ. ಈಗ ಅವರೇ ಮಕ್ಕಳಿಗೆ ಕಲಿಸ್ತಿದ್ದಾರೆ.

ಎಡಗಡೆಯೇ ಹೆಚ್ಚು ಅಪಾಯ ಅನ್ನೋದಕ್ಕೆ ಕಾರಣ ಅದೆ. ಇಲ್ಲಿ ಡ್ರೈವರ್ ಕೂರೋದು ಬಲಕ್ಕೆ. ಎಡಗಡೆ ಕನ್ನಡಿ ಅವನ ಕಣ್ಣಿಂದ ಒಂದು ಮೀಟರಿಗಿಂತ ದೂರ. ದೂರದ ಕನ್ನಡಿಯಲ್ಲಿ ಕಾಣುವ ಜಾಗ ಕಡಿಮೆ. ಅದನ್ನು ಸರಿದೂಗಿಸೋಕೆ ಅಂತಲೇ ಉಬ್ಬಿದ ಗಾಜು ಹಾಕಿರ್ತಾರೆ. ಉಬ್ಬು ಗಾಜಿನಲ್ಲಿ ಹೆಚ್ಚು ಜಾಗ ಕಾಣ್ತದೆ, ಆದರೆ ಎಲ್ಲವೂ ಸಣ್ಣದಾಗಿ, ದೂರ ಇದ್ದಂತೆ ಕಾಣ್ತದೆ. ಕನ್ನಡಿಯ ಕೆಳಗೆ ಇಂಗ್ಲಿಷಿನಲ್ಲಿ ಬರೆದಿರುವ ಸಾಲು ಇದನ್ನೇ ಹೇಳೋದು: ಕಾಣೋದಕ್ಕಿಂತ ವಾಹನ ಹತ್ತಿರವೇ ಅದೆ. ಬಹಳಷ್ಟು ಕಾರುಗಳಲ್ಲಿ ಬಲಗಡೆಯದೂ ಉಬ್ಬು ಗಾಜೇ. ಹೀಗಾಗಿ ಪಕ್ಕದಲ್ಲಿ ಯಾರಾದರೂ ಇದ್ದಾರಾ ಅನ್ನೋದನ್ನು ಪಕ್ಕದ ಕನ್ನಡಿಯಲ್ಲಿ, ಎಷ್ಟು ದೂರ ಇದ್ದಾರೆ ಅನ್ನೋದನ್ನು ಒಳಗಿನ ಸಪಾಟು ಕನ್ನಡಿಯಲ್ಲಿ ನೋಡೋದು ಒಳ್ಳೇದು.

ಕತ್ತು ತಿರುಗಿಸದೆ ವಿಧಿಯಿಲ್ಲ

ಎಷ್ಟೇ ಸರಿಯಾಗಿ ಹೊಂದಿಸಿದರೂ ಕನ್ನಡಿ ನೂರಕ್ಕೆ ನೂರು ತೋರಿಸೋದಿಲ್ಲ. ಬೈಕ್ ಸಣ್ಣದು, ಕಂಬಿಯ ಹಿಂದೆಯೇ ಅಡಗ್ತದೆ. ಆದ್ದರಿಂದ ಹೊರಳುವ ಮುನ್ನ ಒಂದು ಸಲ ಭುಜದ ಮೇಲಿಂದ ನೋಡಬೇಕು. ಗದ್ದ ಭುಜದ ಕಡೆ ತಿರುಗಿದರೆ ಸಾಕು, ಹಿಂದಿನ ಬಾಗಿಲ ಕಿಟಕಿಯಾಚೆ ಕಾಣ್ತದೆ. ಮೈಯೆಲ್ಲ ಹೊರಳಿಸಿ ಹಿಂದೆ ನೋಡಬಾರದು, ಮೈ ಹೊರಳಿದರೆ ಕೈಯೂ ಹೊರಳಿ ಸ್ಟೇರಿಂಗ್ ಜೊತೆಗೆ ಹೋಗ್ತದೆ. ಹೊಸದಾಗಿ ಕಲಿತವರು ಇಲ್ಲೇ ಎಡವೋದು.

"ಅಷ್ಟೊತ್ತು ಹಿಂದೆ ನೋಡಿದರ ಮುಂದಿನ ಗಾಡಿಗೆ ಹೋಗಿ ಗುದ್ದಂಗಿಲ್ಲೇನು?" ಅಂತ ಕೇಳೋದುಂಟು. ನ್ಯಾಯವಾದ ಪ್ರಶ್ನೆ. 80 ಕಿ.ಮೀ. ವೇಗದಲ್ಲಿ ಕಾರು ಒಂದು ಸೆಕೆಂಡಿಗೆ 22 ಮೀಟರ್ ಓಡ್ತದೆ. ಮುಂದಿನ ಲಾರಿಯ ಬಾಲಕ್ಕೇ ಅಂಟಿಕೊಂಡು ಹೋಗ್ತಿದ್ದರೆ ಕತ್ತು ತಿರುಗಿಸೋದು ಖಂಡಿತ ಅಪಾಯ. ಮುಂದೆ ಕನಿಷ್ಠ ಎರಡು ಸೆಕೆಂಡಿನ ಅಂತರ, ಅಂದರೆ ಆ ವೇಗದಲ್ಲಿ 45 ಮೀಟರ್, ಇದ್ದರೆ ಈ ಒಂದು ನೋಟಕ್ಕೆ ಜಾಗ ಸಿಗ್ತದೆ. ನೋಟವೂ ಒಂದು ಸೆಕೆಂಡಿಗಿಂತ ಕಡಿಮೆ. ಮುಖ್ಯ ಕೆಲಸ ಕನ್ನಡಿಗಳು ಮೊದಲೇ ಮಾಡಿರ್ತಾವೆ, ಇದು ಕೊನೆಯ ಖಾತ್ರಿ ಅಷ್ಟೇ.

ಅನುಕ್ರಮ ಹೀಗೆ: ಒಳಗಿನ ಕನ್ನಡಿ, ಹೊರಳುವ ಬದಿಯ ಕನ್ನಡಿ, ಇಂಡಿಕೇಟರ್, ಎರಡು ಮೂರು ಸೆಕೆಂಡ್ ತಡ, ಭುಜದ ಮೇಲಿಂದ ನೋಟ, ಆಮೇಲೆ ನಿಧಾನಕ್ಕೆ ಹೊರಳೋದು. ಹೆಚ್ಚಿನವರು ಇಂಡಿಕೇಟರ್ ಮತ್ತು ಸ್ಟೇರಿಂಗ್ ಎರಡನ್ನೂ ಒಂದೇ ಕ್ಷಣಕ್ಕೆ ಮಾಡ್ತಾರೆ. ಹಾಗೆ ಮಾಡಿದ ಇಂಡಿಕೇಟರ್ ಹಾಕಿದರೂ ಒಂದೇ, ಬಿಟ್ಟರೂ ಒಂದೇ. ಇಂಡಿಕೇಟರ್ ಹಾಕಿದ ಮಾತ್ರಕ್ಕೆ ಹಿಂದಿನವ ದಾರಿ ಬಿಟ್ಟ ಅಂತಲೂ ಅಲ್ಲ. ಅದರಲ್ಲೂ ಲಾರಿಯವರು "ನೀ ಮುಂದೆ ಹೋಗು" ಅನ್ನೋಕೂ ಬಲ ಇಂಡಿಕೇಟರ್ ಹಾಕುವ ಪದ್ಧತಿ ಇರುವ ರಸ್ತೆಯಲ್ಲಿ, ಹಿಂದಿನ ಬೈಕಿನವ ಅದನ್ನು ಹೇಗೆ ತಿಳ್ಕೋತಾನೆ ಅಂತ ಹೇಳೋಕಾಗಲ್ಲ.

ಎಂಥ ವಾಹನ ಕುರುಡು ಜಾಗದಲ್ಲಿ ಸಿಕ್ಕಿಬೀಳ್ತದೆ ಅನ್ನೋದನ್ನೂ ತಿಳಿಯಬೇಕು. ಜೋರಾಗಿ ಬರುವ ಕಾರು ಅಲ್ಲಿ ಹೆಚ್ಚು ಹೊತ್ತು ಇರಲ್ಲ. 20 ಕಿ.ಮೀ. ಹೆಚ್ಚು ವೇಗದಲ್ಲಿ ಬಂದರೆ ಸೆಕೆಂಡಿಗೆ ಐದೂವರೆ ಮೀಟರ್ ಮುಂದೆ ಬರ್ತದೆ, ಒಂದೇ ಸೆಕೆಂಡಿನಲ್ಲಿ ದಾಟಿ ಕಣ್ಣಿಗೆ ಬೀಳ್ತದೆ. ಅಲ್ಲೇ ನಿಲ್ಲೋದು ಸಮವೇಗದವ. ವಂಟಮೂರಿ ಘಾಟ್ ಏರುವಾಗ ಕಾರು 60, ಬೈಕೂ 60 ಇದ್ದರೆ ಆ ಬೈಕ್ ಕಿಲೋಮೀಟರುಗಟ್ಟಲೆ ಕಾಣದೆ ಜೊತೆಗೇ ಬರಬಹುದು. ಕನ್ನಡಿಯನ್ನು ಹತ್ತು ಸಲ ನೋಡಿದರೂ ಹತ್ತು ಸಲವೂ ಖಾಲಿ.

ಎಡಕ್ಕೆ ಇಳಿಯುವ ಜಾಗ

ಹೆದ್ದಾರಿಯಲ್ಲಿ ಬಲಕ್ಕೆ ಹೊರಳುವಾಗ ಜನ ಅಷ್ಟಿಷ್ಟು ನೋಡ್ತಾರೆ. ಎಡಕ್ಕೆ ಹೊರಳುವಾಗ ನೋಡೋದೇ ಇಲ್ಲ, "ಎಡಕ್ಕ ಯಾರ್ ಬರ್ತಾರ" ಅನ್ನೋ ಧೈರ್ಯ. ಬೆಳಗಾವಿಯಿಂದ ಬಂದು ಯಮಕನಮರಡಿ ಅಥವಾ ಹತ್ತರಗಿ ಹತ್ತಿರ ಸರ್ವಿಸ್ ರಸ್ತೆಗೆ ಇಳಿಯುವವರು ಬಲ ಲೇನ್‌ನಿಂದ ಒಮ್ಮೆಲೇ ಎಡಕ್ಕೆ ಎಳೆಯೋದುಂಟು. ಆದರೆ ಹಳ್ಳಿ ಬೈಕ್ ಓಡೋದೇ ಎಡ ಅಂಚಿಗೆ. ಸರ್ವಿಸ್ ರಸ್ತೆಯಲ್ಲಿ ರಾಂಗ್ ಸೈಡ್ ಬರುವ ಬೈಕ್‌ಗಳ ಕಥೆ ಬೇರೆಯೇ. ಇಳಿಯೋದು ಅರ್ಧ ಕಿ.ಮೀ. ಮುಂದಿದೆ ಅನ್ನುವಾಗಲೇ ಎಡ ಲೇನ್‌ಗೆ ಬಂದುಬಿಟ್ಟರೆ ಈ ಅವಸರ ಇರಲ್ಲ. ಜಾಗ ತಪ್ಪಿದರೆ ಮುಂದೆ ಹೋಗಿ ತಿರುಗಿ ಬಂದರಾಯ್ತು, ಹತ್ತು ನಿಮಿಷದ ಮಾತು.

ಬೈಕಿನವರಿಗೂ ಒಂದು ಲೆಕ್ಕ ಗೊತ್ತಿರಬೇಕು. ಮುಂದಿನ ಕಾರಿನ ಅಥವಾ ಲಾರಿಯ ಪಕ್ಕದ ಕನ್ನಡಿಯಲ್ಲಿ ಡ್ರೈವರ್ ಮುಖ ಕಾಣದಿದ್ದರೆ, ಅವನಿಗೂ ಬೈಕ್ ಕಾಣ್ತಿಲ್ಲ. ಲಾರಿಯ ಎಡಗಡೆ, ಕ್ಯಾಬಿನ್ ಪಕ್ಕದಲ್ಲಿ, ಈ ಜಾಗ ಕಾರಿನದಕ್ಕಿಂತ ಎಷ್ಟೋ ದೊಡ್ಡದು. ಅಲ್ಲಿ ಸಮವೇಗದಲ್ಲಿ ಹೋಗದೆ, ಹಿಂದೆ ಉಳಿಯಬೇಕು ಇಲ್ಲ ಬೇಗ ದಾಟಿಬಿಡಬೇಕು. ಬೈಕಿನದೇ ಕನ್ನಡಿ ಬಿಚ್ಚಿ ಮನೆಯಲ್ಲಿಟ್ಟವರಿಗೆ ಹೇಳೋದೇನು, ಕೆಎ 49 ನಂಬರಿನ ಎಷ್ಟು ಬೈಕಿಗೆ ಎರಡೂ ಕನ್ನಡಿ ಅದಾವೆ ಅಂತ ಗೋಕಾಕ ಬಸ್ ಸ್ಟ್ಯಾಂಡ್ ಎದುರು ಐದು ನಿಮಿಷ ನಿಂತು ಎಣಿಸಿದರೆ ಸಾಕು.

ಕಬ್ಬಿನ ಹಂಗಾಮು ಬಂದರೆ

ಹುದಲಿ, ಕೊಳವಿ, ಹುಣಶ್ಯಾಳ ಪಿ.ಜಿ., ಸಂಕೇಶ್ವರ. ಈ ಸುತ್ತಿನಲ್ಲಿ ಎತ್ತ ಹೋದರೂ ಒಂದು ಸಕ್ಕರೆ ಕಾರ್ಖಾನೆ. ಹಂಗಾಮು ಶುರುವಾದ ಮೇಲೆ ಗೋಕಾಕ, ಮೂಡಲಗಿ ರಸ್ತೆಗಳ ಮೇಲೆ ಎರಡೆರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರ್‌ಗಳ ಸಾಲೇ ಇರ್ತದೆ. ಕಬ್ಬು ಎರಡೂ ಬದಿಗೆ ಚಾಚಿಕೊಂಡಿರುವಾಗ ಟ್ರ್ಯಾಕ್ಟರ್ ಡ್ರೈವರ್‌ಗೆ ಹಿಂದಿನದು ಕಾಣೋದಿಲ್ಲ. ಸ್ಪೀಕರ್‌ನಲ್ಲಿ ಹಾಡು ಜೋರಿದ್ದರೆ ಹಾರ್ನೂ ಕೇಳೋದಿಲ್ಲ. ಅವನ ಪಾಲಿಗೆ ಹಿಂದೆ ಇರುವ ಇಡೀ ರಸ್ತೆಯೇ ಕುರುಡು ಜಾಗ. ಅವನು ನೋಡಿಕೊಂಡು ಸೈಡ್ ಕೊಡ್ತಾನೆ ಅಂತ ನಂಬಿ ಹೊರಳಬಾರದು.

ಇಲ್ಲಿ ಕಾರಿನವರು ಮಾಡೋ ತಪ್ಪು ಒಂದೇ ನಮೂನಿಯದು. ಟ್ರ್ಯಾಕ್ಟರ್ ಹಿಂದೆ ನಾಲ್ಕೈದು ವಾಹನ ನಿಧಾನಕ್ಕೆ ಹೋಗ್ತಿರ್ತಾವೆ. ಎಲ್ಲರ ಕಣ್ಣೂ ಎದುರಿನ ರಸ್ತೆ ಯಾವಾಗ ಖಾಲಿಯಾಗ್ತದೆ ಅಂತ ಮುಂದೆ ನೆಟ್ಟಿರ್ತದೆ. ಖಾಲಿಯಾದ ಕೂಡಲೇ ಎಲ್ಲರೂ ಒಟ್ಟಿಗೇ ಹೊರಬೀಳ್ತಾರೆ. ಮುಂದಿನ ಕಾರಿನವ ಬಲಕ್ಕೆ ಎಳೆಯುವಾಗ ಅವನ ಹಿಂದಿನವ ಆಗಲೇ ಹೊರಬಂದು ಅವನ ಬಲಗಡೆ ಬಾಗಿಲ ಪಕ್ಕ ಇರ್ತಾನೆ. ಎದುರಿಂದ ಬರುವ ಬಸ್ಸಿಗೆ ಹೆದರುವಷ್ಟು ಯಾರೂ ಪಕ್ಕದ ಬಾಗಿಲಿಗೆ ಹೆದರೋದಿಲ್ಲ. ರಸ್ತೆ ಖಾಲಿ ಕಂಡ ಮೇಲೂ ಒಂದು ಸಲ ಬಲ ಕನ್ನಡಿ, ಒಂದು ಸಲ ಬಲ ಭುಜ ನೋಡಿ ಹೊರಟರೆ ಒಂದು ಸೆಕೆಂಡ್ ತಡವಾಗ್ತದೆ ಅಷ್ಟೇ.

ದಾಟಿದ ಮೇಲೆ ವಾಪಸ್ ಎಡಕ್ಕೆ ಬರೋದಕ್ಕೂ ಅವಸರ ಬೇಡ. ಎರಡು ಟ್ರೇಲರ್ ದಾಟಿ ಎಂಜಿನ್ ಪಕ್ಕ ಬಂದಾಗ ಮುಗೀತು ಅನ್ನಿಸ್ತದೆ. ಒಳಗಿನ ಕನ್ನಡಿಯಲ್ಲಿ ಟ್ರ್ಯಾಕ್ಟರ್‌ನ ಮುಂಭಾಗ ಪೂರ್ತಿ, ಎರಡೂ ಲೈಟ್ ಸಮೇತ, ಕಾಣುವವರೆಗೆ ಎಡಕ್ಕೆ ಎಳೆಯಬಾರದು. ಪಕ್ಕದ ಉಬ್ಬು ಗಾಜನ್ನು ನಂಬಿ ಬಂದರೆ ಟ್ರ್ಯಾಕ್ಟರ್ ದೂರ ಇದ್ದಂತೆ ಕಂಡು ಮೋಸ ಆಗ್ತದೆ.

ರಾತ್ರಿ ಹೊತ್ತು ಹಿಂದಿನ ಗಾಡಿಯ ಹೈ ಬೀಮ್ ಕಣ್ಣಿಗೆ ಹೊಡೀತದೆ ಅಂತ ಒಳಗಿನ ಕನ್ನಡಿಯನ್ನೇ ಮೇಲಕ್ಕೆ ತಿರುಗಿಸಿಡುವವರಿದ್ದಾರೆ. ಬಹಳಷ್ಟು ಕಾರುಗಳಲ್ಲಿ ಆ ಕನ್ನಡಿಯ ಕೆಳಗೆ ಸಣ್ಣ ಕಡ್ಡಿಯಂಥದ್ದು ಇರ್ತದೆ, ಅದನ್ನು ಎಳೆದರೆ ಬೆಳಕು ಮಂದವಾಗ್ತದೆ, ರಸ್ತೆ ಕಾಣ್ತಾನೇ ಇರ್ತದೆ. ಮಳೆಗಾಲದಲ್ಲಿ ಪಕ್ಕದ ಕನ್ನಡಿ ಒರೆಸೋಕೆ ಒಂದು ಒಣ ಬಟ್ಟೆ ಬಾಗಿಲಲ್ಲೇ ಇಟ್ಟುಕೊಳ್ಳಬೇಕು.

ಪರೀಕ್ಷೆಯ ಮೊದಲ ಪ್ರಶ್ನೆ

ಕಾರಿಗೆ ಕನ್ನಡಿ ಬಂದ ಕಥೆ ಹಳೇದು. 1909ರಲ್ಲಿ ಇಂಗ್ಲೆಂಡಿನ ಡೊರೊಥಿ ಲೆವಿಟ್ ಎಂಬ ಮಹಿಳಾ ಚಾಲಕಿ, ಕಾರು ಓಡಿಸುವ ಹೆಂಗಸರು ಒಂದು ಕೈಗನ್ನಡಿ ಇಟ್ಟುಕೊಂಡು ಆಗಾಗ ಎತ್ತಿ ಹಿಂದೆ ನೋಡಬೇಕು ಅಂತ ಪುಸ್ತಕದಲ್ಲಿ ಬರೆದಿದ್ದರು. 1911ರಲ್ಲಿ ಅಮೆರಿಕದ ಇಂಡಿಯಾನಾಪೊಲಿಸ್ 500 ರೇಸಿನಲ್ಲಿ ರೇ ಹ್ಯಾರನ್ ತನ್ನ ಕಾರಿಗೆ ಕನ್ನಡಿ ಕೂರಿಸಿಕೊಂಡು ಓಡಿಸಿ ಗೆದ್ದರು. ಈಗ ಇಂಡಿಕೇಟರ್ ಹಾಕಿದ ಕೂಡಲೇ ಪಕ್ಕದ ಲೇನ್ ಪರದೆ ಮೇಲೆ ತೋರಿಸುವ ಕ್ಯಾಮೆರಾ ಬಂದಿದೆ, 2021ರಲ್ಲಿ ಬಂದ ಹುಂಡೈ ಅಲ್ಕಜಾರ್‌ನ ಮೇಲಿನ ಮಾಡೆಲ್‌ಗಳಲ್ಲಿ ಅದು ಇತ್ತು. ಒಳ್ಳೆಯ ಸೌಕರ್ಯವೇ, ಆದರೆ ಈ ಭಾಗದ ರಸ್ತೆ ಮೇಲಿರುವ ಹೆಚ್ಚಿನ ಕಾರುಗಳಿಗೆ ಅದಿಲ್ಲ. ಇದ್ದವರ ಕ್ಯಾಮೆರಾ ಮೇಲೂ ಧೂಳು ಕೂರ್ತದೆ.

ಕಾನೂನಿನಲ್ಲೂ ಇದಕ್ಕೆ ಜಾಗ ಅದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ಲೈಸೆನ್ಸ್ ಪರೀಕ್ಷೆಯಲ್ಲಿ ಏನೇನು ಮಾಡಿ ತೋರಿಸಬೇಕು ಅಂತ ಒಂದು ಪಟ್ಟಿ ಇದೆ. ಅದರ ಮೊದಲ ಅಂಶ ಎಂಜಿನ್ ಚಾಲೂ ಮಾಡೋದಲ್ಲ, ಗೇರ್ ಹಾಕೋದಲ್ಲ. ಹಿನ್ನೋಟದ ಕನ್ನಡಿ ಹೊಂದಿಸೋದು. ಲೈಸೆನ್ಸ್ ಪಡೆದ ಎಷ್ಟು ಜನರಿಗೆ ಇದನ್ನು ಮಾಡಿ ತೋರಿಸಿದ ನೆನಪಿದೆ ಅಂತ ಕೇಳಿದರೆ ಉತ್ತರ ಬೇರೆ ಬೇರೆ ಬರಬಹುದು.

ಇದನ್ನೆಲ್ಲ ರಸ್ತೆಗೆ ಇಳಿಯದೆಯೇ ಪರೀಕ್ಷಿಸಬಹುದು. ಕಾರನ್ನು ಮನೆ ಮುಂದೆ ಅಥವಾ ಖಾಲಿ ಮೈದಾನದಲ್ಲಿ ನಿಲ್ಲಿಸಿ ಒಬ್ಬರು ಡ್ರೈವರ್ ಸೀಟಿನಲ್ಲಿ ನೆಟ್ಟಗೆ ಮುಂದೆ ನೋಡ್ತಾ ಕೂರಬೇಕು. ಇನ್ನೊಬ್ಬರು ಬೈಕ್ ತಳ್ಳಿಕೊಂಡು, ಕಾರಿನ ಹಿಂದಿನಿಂದ ಒಂದೂವರೆ ಎರಡು ಮೀಟರ್ ಪಕ್ಕಕ್ಕೆ, ನಿಧಾನವಾಗಿ ಮುಂದೆ ಬರಬೇಕು. ಬೈಕ್ ಕನ್ನಡಿಯಿಂದ ಮಾಯವಾದ ಕೂಡಲೇ ಕೂತವರು "ಹೋತು" ಅನ್ನಬೇಕು, ಕಣ್ಣಂಚಿಗೆ ಬಿದ್ದ ಕೂಡಲೇ "ಬಂತು" ಅನ್ನಬೇಕು. ಆ ಎರಡೂ ಜಾಗದಲ್ಲಿ ನೆಲದ ಮೇಲೆ ಸುಣ್ಣದ ಗೆರೆ ಎಳೆಯಬೇಕು. ಕನ್ನಡಿ ಹೊರಕ್ಕೆ ತಿರುಗಿಸಿ ಮತ್ತೊಮ್ಮೆ ಇದನ್ನೇ ಮಾಡಿ, ಹೊಸ ಗೆರೆಗಳನ್ನು ಹಳೆಯದರ ಪಕ್ಕ ಎಳೆದು ನೋಡಬೇಕು. ಎಡಗಡೆಗೂ ಅಷ್ಟೇ. ಮನೆಯಲ್ಲಿ ಕಾರು ಓಡಿಸುವ ಪ್ರತಿಯೊಬ್ಬರೂ ಸೀಟಿನಲ್ಲಿ ಕೂತು ಬೇರೆಬೇರೆಯಾಗಿ ಮಾಡಬೇಕು, ಎತ್ತರ ಬದಲಾದಂತೆ ಗೆರೆಯೂ ಬದಲಾಗ್ತದೆ.